ಸೇನೆಯ ಪದವಿ ಸರ್ಟಿಫಿಕೇಟ್ ಇಟ್ಟುಕೊಂಡು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಬಹುದೇ?

ಅದೊಂದರಿಂದಲೇ ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರಿಗೆ ಆ ಪತ್ರ ಕೊಡುವುದು ನೌಕರಿಗಾಗಿ. ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಅವರೂ ಅರ್ಜಿ ಹಾಕಲಿ ಎಂಬ ರಿಯಾಯಿತಿ ಅದು, ಅಷ್ಟೇ. ಅದರ ಹಿಂದೆ ಪಠ್ಯವೂ ಇಲ್ಲ, ಅಂಕವೂ ಇಲ್ಲ. ಕುವೆಂಪು ವಿಶ್ವವಿದ್ಯಾಲಯ ಎಂ.ಎ.ಗೆ ನೋಡುವುದು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿಯನ್ನು. ಹೆಸರಲ್ಲಿ ‘ಪದವಿ’ ಅಂತಿರುವುದರಿಂದ ಗೊಂದಲ ಆಗೋದು ಸಹಜವೇ ಅಲ್ವಾ?

ಸೇವೆಯಲ್ಲಿದ್ದಾಗ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಮೂಲಕ ಬಿ.ಎ. ಮುಗಿಸಿದ್ದೀರಾ? ಹಾಗಾದರೆ ದಾರಿ ಸಲೀಸು. ಅಂಕಪಟ್ಟಿಗಳ ಜೊತೆ ಅಲ್ಲಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಿಸಿ. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಕೊಡುವ ಪತ್ರ ಅದು. ಕೈಗೆ ಬರಲು ಟೈಮ್ ಹಿಡಿಯಬಹುದು, ಪ್ರವೇಶದ ಪ್ರಕಟಣೆಗೆ ಕಾಯದೆ ಮೊದಲೇ ಅರ್ಜಿ ಹಾಕಿಡಿ.