ಒಂದೇ ರಿಕ್ವೆಸ್ಟ್‌ಗೆ ಮಕಾಡೆ ಮಲಗೋ ಪ್ರಾಕ್ಸಿ

ಪ್ರಶ್ನೆ: ಸಾರ್ ನಮಸ್ಕಾರ, ತುಮಕೂರಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತೀನಿ. 40 ಸಿಸ್ಟಂ ಇದಾವೆ, ಎಲ್ಲಾದಕ್ಕೂ ನೆಟ್ ಹೋಗೋದು ಮೂಲೇಲಿರೋ ಹಳೇ ಉಬುಂಟು ಮಿಷಿನ್ನಲ್ಲಿರೋ ಸ್ಕ್ವಿಡ್ ಪ್ರಾಕ್ಸಿ (ಎಲ್ಲರ ರಿಕ್ವೆಸ್ಟ್ ಮಧ್ಯೆ ನಿಂತು ದಾಟಿಸೋ ಸಾಫ್ಟ್‌ವೇರ್) ಮೂಲಕ. ಎರಡು ವಾರದಿಂದ ಇದ್ದಕ್ಕಿದ್ದಂಗೆ ನೆಟ್ ನಿಂತೋಗುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತೆ, ಮತ್ತೆ ಹೋಗುತ್ತೆ, ಒಂದೊಂದ್ಸಲ ಬರೋದೇ ಇಲ್ಲ ನಾನೇ ಹೋಗಿ ಎಬ್ಬಿಸ್ಬೇಕು. ಸರ್ವೀಸ್ ಹುಡುಗ ರ‍್ಯಾಮ್ ಹಾಕ್ಸಿ ಅಂತಾನೆ, ಪ್ರಿನ್ಸಿಪಾಲರು ವೈರಸ್ ಅಂತಾರೆ. ಸ್ಕ್ವಿಡ್ಡಿನ ಕಾನ್ಫಿಗ್ (ಸೆಟ್ಟಿಂಗ್) ಫೈಲು ನನಗಿಂತ ಮುಂಚೆ ಇದ್ದೋರು ಎಲ್ಲಿಂದಲೋ ಕಾಪಿ ಹೊಡೆದಿದ್ದು. ಮೇಷ್ಟ್ರುಗಳು ಮನೆಯಿಂದ್ಲೂ ಬಳಸ್ಲಿ ಅಂತ ರೂಟರಲ್ಲಿ 3128 ಪೋರ್ಟ್ (ಸ್ಕ್ವಿಡ್ ರಿಕ್ವೆಸ್ಟ್ ತಗೊಳ್ಳೋ ಬಾಗಿಲು) ಓಪನ್ ಇಟ್ಟಿದೀವಿ. ಲ್ಯಾಬ್ ಖಾಲಿ ಇರೋವಾಗ್ಲೂ ಹಿಂಗೇ ಆಗುತ್ತೆ.
— ಲ್ಯಾಬ್ ಇನ್‌ಸ್ಟ್ರಕ್ಟರ್, ತುಮಕೂರು

ಉತ್ತರ: ರ‍್ಯಾಮ್ ದುಡ್ಡು ಸದ್ಯಕ್ಕೆ ಆಫೀಸಿನ ಬೀರುವಲ್ಲೇ ಇರ್ಲಿ ಮೇಡಂ. ಲ್ಯಾಬ್ ಖಾಲಿ ಇರೋವಾಗ್ಲೂ ಆಗುತ್ತೆ ಅಂತ ಕೊನೇಲಿ ಬರೆದ್ರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಪ್ರಾಕ್ಸಿ ಬೀಳೋಕೆ ಜನ ನುಗ್ಗಬೇಕು ಅಂತೇನಿಲ್ಲ, ಹಳೇ ಸ್ಕ್ವಿಡ್ ಆದ್ರೆ ಹೊರಗಿಂದ ಬಂದ ಒಂದೇ ಒಂದು ಕೆಟ್ಟ ರಿಕ್ವೆಸ್ಟ್ ಸಾಕು.

2023ರ ಕೊನೇಲಿ ಇಂಥದ್ದೊಂದು ಲೋಪ ಹೊರಗೆ ಬಂತು, ಲೋಪಗಳ ಪಟ್ಟೀಲಿ ಅದರ ನಂಬರ್ ಸಿವಿಇ-2023-50269. ಎಕ್ಸ್ ಫಾರ್ವರ್ಡೆಡ್ ಫಾರ್ ಅಂತ ಒಂದು ಹೆಡರ್ (ರಿಕ್ವೆಸ್ಟ್ ಜೊತೆ ಬರೋ ಚೀಟಿ) ಇದೆ, ಈ ರಿಕ್ವೆಸ್ಟ್ ಯಾರ್ಯಾರ ಕೈ ದಾಟಿ ಬಂತು ಅಂತ ಐಪಿಗಳ (ನೆಟ್ ವಿಳಾಸಗಳ) ಸಾಲು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್ ಗಲ್ಲಾದಲ್ಲಿ ಒಬ್ಬ ಬಂದು ಲೆಕ್ಕ ಇಂಥೋರಿಗೆ ಬರ್ಕೊಳಿ ಅಂತಾನೆ ಅಂದ್ಕೊಳಿ. ಗಲ್ಲಾದೋರು ಆ ಪುಟಕ್ಕೆ ಒಂದು ಬೆರಳಿಟ್ಟು, ಅವರನ್ನ ಕಳ್ಸಿದ್ಯಾರು ಅಂತ ಇನ್ನೊಂದು ಪುಟ ತೆಗೀತಾರೆ, ಅಲ್ಲೂ ಬೆರಳು, ಅವರನ್ನ ಯಾರು ಕಳ್ಸಿದ್ದು, ಮತ್ತೊಂದು ಬೆರಳು... ಚೀಟೀಲಿ ಸಾವಿರಾರು ಹೆಸರಿದ್ರೆ? ಬೆರಳು ಮುಗಿದು ಪುಸ್ತಕಾನೇ ಕೈಜಾರುತ್ತೆ, ಹಿಂದೆ ಕ್ಯೂನಲ್ಲಿ ನಿಂತೋರಿಗೆಲ್ಲ ಇಡ್ಲಿ ಇಲ್ಲ. ಸ್ಕ್ವಿಡ್ಡೂ ಆ ಐಪಿ ಸಾಲನ್ನ ಹಿಂಗೇ ಒಂದೊಂದಾಗಿ ಹಿಡ್ಕೊಂಡು ಹೋಗುತ್ತೆ. ಈ ಬೆರಳಿಗೆ ಸ್ಟ್ಯಾಕ್ ಅಂತಾರೆ, ಲಿನಕ್ಸ್ ಸಾಮಾನ್ಯವಾಗಿ ಇದಕ್ಕೆ ಕೊಡೋದು 8 ಎಂಬಿ, ನೀವು 64 ಜಿಬಿ ರ‍್ಯಾಮ್ ಹಾಕ್ಸಿದ್ರೂ ಅಷ್ಟೇ.

ತಾನೇ ಎದ್ದು ಬರೋದು ಯಾಕೆ ಅಂದ್ರೆ ಸ್ಕ್ವಿಡ್ಡಲ್ಲಿ ಮೇಲೊಂದು ಮಾಸ್ಟರ್ ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಂ) ಇರುತ್ತೆ, ಕೆಲಸ ಮಾಡೋ ಮರಿಗೆ ಸ್ಕ್ವಿಡ್ ಮಾಡಿದೋರೇ ಕಿಡ್ ಅಂತ ಹೆಸರಿಟ್ಟಿದಾರೆ, ಮರಿ ಬಿದ್ರೆ ಮಾಸ್ಟರ್ ಎಬ್ಬಿಸುತ್ತೆ, ಪದೇ ಪದೇ ಬೀಳ್ತಿದ್ರೆ ಅದೂ ಕೈಚೆಲ್ಲುತ್ತೆ. ಕ್ಯಾಶ್ ಲಾಗ್ (ಸ್ಕ್ವಿಡ್ ತನ್ನ ಆಗುಹೋಗು ಬರೆದಿಡೋ ಫೈಲು) ತೆಗೆದು ನೋಡಿ, ನೀವು ಮುಟ್ಟದೇ ಇರೋ ಟೈಮಲ್ಲೂ "ಸ್ಟಾರ್ಟಿಂಗ್ ಸ್ಕ್ವಿಡ್ ಕ್ಯಾಶ್" ಅನ್ನೋ ಸಾಲು ಬಂದಿದ್ರೆ ಬಿದ್ದು ಎದ್ದಿದೆ ಅಂತಾನೇ ಅರ್ಥ.

ಈ ಲೋಪ ಕಚ್ಚೋದು ಕಾನ್ಫಿಗ್ ಫೈಲಲ್ಲಿ "ಫಾಲೋ ಎಕ್ಸ್ ಫಾರ್ವರ್ಡೆಡ್ ಫಾರ್" ಸಾಲು ಹಾಕಿದ್ರೆ ಮಾತ್ರ, ಸುಮ್ಮನೆ ಇನ್‌ಸ್ಟಾಲ್ ಮಾಡಿದ್ರೆ ಅದಿರಲ್ಲ. ನಿಮ್ಮದು ಕಾಪಿ ಹೊಡೆದ ಫೈಲು ಅಂದ್ರಲ್ಲ, ಹುಡುಕಿ, ಸಿಕ್ರೆ ಇವತ್ತೇ ತೆಗೀರಿ. ಸರಿಮಾಡಿರೋ ವರ್ಷನ್ 6.6. ಉಬುಂಟು ಹಳೇ ನಂಬರ್ ಹಂಗೇ ಇಟ್ಕೊಂಡು ಒಳಗೆ ತೇಪೆ ಹಾಕುತ್ತೆ, ಹಂಗಾಗಿ ನಂಬರ್ ನೋಡಿ ಗಾಬರಿ ಬೇಡ, ಅಪ್‌ಡೇಟ್ ಕೊಡಿ. ಉಬುಂಟೂಗೇ ಸಪೋರ್ಟ್ ಮುಗಿದಿದ್ರೆ ಮಾತ್ರ ತೇಪೆ ಬರಲ್ಲ, ಹೊಸದು ಹಾಕ್ಲೇಬೇಕು.

ಅದೇ ವರ್ಷ ಗೋಫರ್‌ದೂ ಒಂದು ಲೋಪ ಇತ್ತು. 1991ರಲ್ಲಿ ಮಿನ್ನೆಸೋಟ ಯೂನಿವರ್ಸಿಟೀಲಿ ಹುಟ್ಟಿದ ಪ್ರೋಟೋಕಾಲು, ಈಗ ಅದನ್ನ ಕೇಳೋರೇ ಇಲ್ಲ, ಆದ್ರೂ ಸ್ಕ್ವಿಡ್ 6.0.1ಕ್ಕಿಂತ ಮುಂಚೆ ಬಾಗಿಲು ಯಾವಾಗ್ಲೂ ತೆಗೆದೇ ಇರ್ತಿತ್ತು, ಯಾವುದೋ ಪಾಪದ ಗೋಫರ್ ಸರ್ವರ್ ಕೊಟ್ಟ ಉತ್ತರಕ್ಕೂ ಪ್ರಾಕ್ಸಿ ಬೀಳ್ಬಹುದಿತ್ತು. ಹಳೇದೇ ಓಡಿಸ್ಬೇಕಂದ್ರೆ ಗೋಫರ್ ಡಿನೈ ಅಂತ ಒಂದು ಎಸಿಎಲ್ (ಯಾವುದನ್ನ ಬಿಡ್ಬೇಕು, ಬಿಡ್ಬಾರ್ದು ಅನ್ನೋ ನಿಯಮ) ಹಾಕ್ಬಿಡಿ.

ಆಮೇಲೆ ಆ 3128 ಪೋರ್ಟು. ಮೇಡಂ, ಬೇಜಾರಾಗ್ಬೇಡಿ, ಊರಿಗೆಲ್ಲ ಬಾಗಿಲು ತೆಗೆದು ಮಲಗಿದಂಗೆ ಅದು. ಇವತ್ತೇ ಮುಚ್ಚಿ, ಮೇಷ್ಟ್ರುಗಳಿಗೆ ಬೇಕಾದ್ರೆ ವಿಪಿಎನ್ (ಲಾಗಿನ್ ಆದೋರಿಗೆ ಮಾತ್ರ ತೆರೆಯೋ ಖಾಸಗಿ ದಾರಿ) ಕೊಡಿ.

ಪ್ರಶ್ನೆ: ಡಾಸ್ ಅಟ್ಯಾಕ್ ಆದ್ರೆ ನಮ್ಮ ಪಾಸ್‌ವರ್ಡ್ ಕದ್ದೋಗುತ್ತಾ?
— ಓದುಗ, ಶಿರಾ

ಉತ್ತರ: ಇಲ್ಲ, ಡಾಸ್ ಅಂದ್ರೆ ಡಿನಯಲ್ ಆಫ್ ಸರ್ವೀಸ್, ಮೇಲೆ ಹೇಳಿದಂಗೆ ಸರ್ವೀಸನ್ನ ಬೀಳ್ಸೋದು. ಅದು ಕಳ್ಳತನ ಅಲ್ಲ, ಅಂಗಡಿ ಬಾಗಿಲು ಹಾಕ್ಸೋದು. ಆದ್ರೆ ಅದಕ್ಕೆ ಕಾರಣ ಆಗೋ ಲೋಪ ಒಂದೊಂದ್ಸಲ ಇನ್ನೂ ಆಳ ಇರುತ್ತೆ. ಸ್ಕ್ವಿಡ್ಡಿನ ಡೈಜೆಸ್ಟ್ ಲಾಗಿನ್ನಲ್ಲಿ (ಪಾಸ್‌ವರ್ಡನ್ನ ನೇರವಾಗಿ ಕಳಿಸದೇ ಪರೀಕ್ಷಿಸೋ ರೀತಿ) 2023ರಲ್ಲಿ ಸಿಕ್ಕ ಲೋಪದಲ್ಲಿ ಹೊರಗಿನೋನು 2 ಎಂಬಿವರೆಗೆ ತನಗಿಷ್ಟ ಬಂದಿದ್ದನ್ನ ಮೆಮೊರೀಲಿ ಬರೀಬಹುದಿತ್ತು, 6.4ರಲ್ಲಿ ಸರಿಮಾಡಿದ್ರು.