ಹಿತ್ತಲ ತುಂಬಾ ಕಚ್ಚುವ ಕೆಂಪಿರುವೆ, ಮನೆಯಲ್ಲಿ ನಾಯಿ-ಬೆಕ್ಕು ಇವೆ. ಏನು ಮಾಡಲಿ?

ಹಿತ್ತಲಲ್ಲಿ ಕೆಂಪಿರುವೆಯ ಗುಡ್ಡೆಗಳು ಎದ್ದಿವೆ, ನಾಯಿ-ಬೆಕ್ಕು ಅಲ್ಲೇ ಓಡಾಡುತ್ತವೆ, ಅವಕ್ಕೆ ತೊಂದರೆಯಾಗದಂತೆ ಇರುವೆ ತೊಲಗಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಇದೇ ಗೋಳು ಅನುಭವಿಸಿದವನು.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಗುಡ್ಡೆ ಕಂಡ ಕೂಡಲೇ ಬಾಟಲಿಗಟ್ಟಲೆ ವಿನೆಗರ್ ಸುರಿದೆ. ಮೇಲಿದ್ದ ಇರುವೆಗಳು ಸತ್ತವು, ಗೆದ್ದೆ ಅಂದುಕೊಂಡೆ. ನಾಲ್ಕೇ ದಿನದಲ್ಲಿ ಎರಡು ಮಾರು ಆಚೆ ಹೊಸ ಗುಡ್ಡೆ! ಅದರ ಮೇಲೇ ಹೋಗಿ ಕೂತವನು ನಮ್ಮ ನಾಯಿ ಗುಂಡ.

ಗುಡ್ಡೆ ಬರೀ ಮೇಲ್ಛಾವಣಿ. ಸುರಂಗಗಳು ಒಂದು ಮೀಟರಿಗಿಂತ ಆಳಕ್ಕೂ ಇಳಿಯುತ್ತವೆ. ಒಳಗಿರುವ ರಾಣಿ ದಿನಕ್ಕೆ ಸಾವಿರದಷ್ಟು ಮೊಟ್ಟೆ ಇಡಬಲ್ಲಳು. ಕೆಲವು ಗೂಡುಗಳಲ್ಲಿ ಹಲವು ರಾಣಿಯರು. ರಾಣಿ ಸಾಯದಿದ್ದರೆ ನಾವು ಮಾಡಿದ್ದೆಲ್ಲ ಸುಮ್ನೆ. ಗೂಡು ಕೆದಕಿದರಂತೂ ಜಾಗ ಬದಲಿಸುತ್ತವೆ, ಅಷ್ಟೇ.

ಒಂದೆರಡೇ ಗುಡ್ಡೆ ಇದ್ದರೆ ಕುದಿಯುವ ನೀರು ಸಾಕು. ಪ್ರತಿ ಗುಡ್ಡೆಗೆ 10ರಿಂದ 12 ಲೀಟರ್ ಬೇಕು, ಒಂದು ಚೆಂಬು ಸುರಿದರೆ ಏನೂ ಆಗದು. ತಂಪಿದ್ದು ಬಿಸಿಲು ಬಿದ್ದ ಬೆಳಗ್ಗೆ ಒಳ್ಳೆಯ ಹೊತ್ತು. ಮೈ ಕಾಯಿಸಿಕೊಳ್ಳಲು ರಾಣಿ, ಮರಿ ಎಲ್ಲ ಮೇಲಕ್ಕೆ ಬಂದಿರುತ್ತವೆ. ಹೀಗಿದ್ದೂ ಹತ್ತರಲ್ಲಿ ಆರು ಸಲ ಮಾತ್ರ ಫಲ ಸಿಗುತ್ತದೆ. ಸುತ್ತಲ ಹುಲ್ಲು, ಗಿಡದ ಬೇರೂ ಬೇಯುತ್ತವೆ. ನಾಯಿ-ಬೆಕ್ಕನ್ನು ಒಳಗೆ ಕೂಡಿಹಾಕಿ, ನಿಮ್ಮ ಕಾಲೂ ಜೋಪಾನ.

ಗುಡ್ಡೆ ಜಾಸ್ತಿ ಇದ್ದರೆ ಬೇಟ್, ಅಂದರೆ ಔಷಧಿ ಬೆರೆಸಿದ ಆಮಿಷ, ಹಾಕುವುದೇ ಸರಿ. ಎಣ್ಣೆ ಹೀರಿದ ಮೆಕ್ಕೆಜೋಳದ ನುಚ್ಚಿನಲ್ಲಿ ಚೂರೇ ಚೂರು ಔಷಧಿ ಇರುತ್ತದೆ. ನಾನು ಹಾಕಿದ್ದು ಸ್ಪಿನೋಸಾಡ್ ಎಂಬ ಕೀಟನಾಶಕ ಇರುವ ಬೇಟ್. ನಾಯಿ-ಬೆಕ್ಕಿನ ಚಿಗಟಕ್ಕೆ ಕೊಡುವ ಮಾತ್ರೆಯಲ್ಲೂ ಇದೇ ಇದೆ. ಹಾಗಂತ ಪ್ಯಾಕೆಟ್ ಅವುಗಳ ಬಾಯಿಗೆ ಸಿಗುವ ಕಡೆ ಇಡಬೇಡಿ, ಎಣ್ಣೆಯ ವಾಸನೆಗೆ ನಾಯಿ ಪೂರ್ತಿ ಮುಕ್ಕಿಬಿಡುತ್ತದೆ. ಗುಡ್ಡೆಯ ಮೇಲೆ ರಾಶಿ ಹಾಕದೆ, ಸುತ್ತಲೂ ಲೇಬಲ್ಲಿನಲ್ಲಿ ಹೇಳಿದಷ್ಟೇ ಉದುರಿಸಿ. ನೆಲ ಒಣಗಿರಬೇಕು, ಒಂದು ದಿನ ಮಳೆ ಬರಬಾರದು. ಮೊದಲು ಒಂದು ಆಲೂಗಡ್ಡೆ ಚಿಪ್ಸ್ ಇಟ್ಟು ನೋಡಿ. ಅರ್ಧ ಗಂಟೆಯಲ್ಲಿ ಇರುವೆ ಮುತ್ತಿದರೆ ಹೊರಗೆ ಮೇಯುತ್ತಿವೆ ಎಂದರ್ಥ. ಇರುವೆಗಳು ಬೇಟ್ ಹೊತ್ತೊಯ್ಯುವ ತನಕ ಗುಂಡ ಮನೆಯೊಳಗೇ ಇದ್ದ.

ಆಮೇಲೆ ತಾಳ್ಮೆ ಬೇಕು. ಕೆಲಸಗಾರ ಇರುವೆ ಗಟ್ಟಿ ಆಹಾರ ನುಂಗುವುದಿಲ್ಲ, ಮರಿಗಳೇ ಅದನ್ನು ಅರಗಿಸುವುದು. ಬಾಯಿಂದ ಬಾಯಿಗೆ ಹಂಚಿಕೆಯಾಗಿ ರಾಣಿಯನ್ನು ಮುಟ್ಟಲು ಒಂದೆರಡು ವಾರ ಬೇಕು. ರವೆ ತಿಂದು ಹೊಟ್ಟೆ ಉಬ್ಬಿ ಸಾಯುತ್ತವೆ ಅನ್ನುತ್ತಾರಲ್ಲ, ಅದು ಸುಳ್ಳಾಗುವುದೂ ಇದಕ್ಕೇ.

‘ನೈಸರ್ಗಿಕ’ ಅಂತ ಬರೆದಿದ್ದನ್ನೆಲ್ಲ ನಂಬಬೇಡಿ. ಕಿತ್ತಳೆ ಸಿಪ್ಪೆಯ ಎಣ್ಣೆ ಬೆಕ್ಕಿಗೆ ಆಗುವುದಿಲ್ಲ, ಟೀ ಟ್ರೀ ಎಣ್ಣೆ ನಾಯಿಗೂ ವಿಷ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಪುಡಿ, ಸ್ಪ್ರೇ ಇದ್ದರೆ ಬೆಕ್ಕಿನ ಜೀವಕ್ಕೇ ಅಪಾಯ. ಪೆಟ್ರೋಲ್ ಸುರಿಯುವ ಮಾತೇ ಬೇಡ.

ನಾಯಿಗೆ ಮುತ್ತಿಕೊಂಡರೆ ತಕ್ಷಣ ಆ ಜಾಗದಿಂದ ಎಳೆದುಕೊಂಡು ಬಂದು ಒಣ ಬಟ್ಟೆಯಿಂದ ಉಜ್ಜಿ ಕೆಡವಿ. ಇವು ದವಡೆಯಲ್ಲಿ ಕಚ್ಚಿ ಹಿಡಿದು, ಹಿಂದಿನ ಕೊಂಡಿಯಿಂದ ಮತ್ತೆ ಮತ್ತೆ ಚುಚ್ಚುತ್ತವೆ. ನೀರು ಹಾಕಿದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತವೆ. ಮುಖ ಊದಿದರೆ, ವಾಂತಿಯಾದರೆ, ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಪಶುವೈದ್ಯರ ಹತ್ತಿರ ಓಡಿ.

ಇನ್ನೊಂದು ಮರೆತಿದ್ದೆ. ಊಟದ ಬಟ್ಟಲನ್ನು ನೀರು ತುಂಬಿದ ಅಗಲದ ತಟ್ಟೆಯ ನಡುವೆ ಇಡಿ, ಇರುವೆ ಹತ್ತುವುದಿಲ್ಲ. ಆ ನೀರಿಗೆ ಸೋಪು ಬೆರೆಸಿ ಅಂತ ಕೆಲವರು ಹೇಳುತ್ತಾರೆ, ಬೇಡ. ಗುಂಡ ಊಟಕ್ಕಿಂತ ಮೊದಲು ಆ ನೀರನ್ನೇ ನೆಕ್ಕುತ್ತಾನೆ.