ಅಪ್ಪನಿಗೆ ‘ಸಿಸ್’ ಬೈಗುಳವಾಗಿ ಕೇಳಿಸಿದ್ದೇಕೆ? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಉದ್ಯೋಗದ ವಿವರಗಳನ್ನು ಬದಲಿಸಲಾಗಿದೆ.)

ತಂದೆಗೆ 54 ವರ್ಷ, ಜಿಲ್ಲಾ ಕೇಂದ್ರವೊಂದರ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಮಗಳಿಗೆ 21, ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ತಾನು ಟ್ರಾನ್ಸ್ ಹೆಣ್ಣು ಎಂದು ಮನೆಯಲ್ಲಿ ಹೇಳಿ ಎಂಟು ತಿಂಗಳಾಗಿತ್ತು. ಆದರೆ ತಂದೆ ತಂದ ದೂರೇ ಬೇರೆ. ‘ಊರಿಗೆ ಬಂದಾಗಲೆಲ್ಲ ನನ್ನನ್ನ ಸಿಸ್, ಸಿಸ್ ಅಂತ ಬಯ್ಯುತ್ತೆ ಸಾರ್. ಹೆತ್ತ ಅಪ್ಪನಿಗೆ ಹಂಗನ್ನಬಹುದಾ?’

ಪದದಲ್ಲಿ ಬೈಗುಳವೇನೂ ಇಲ್ಲ. ಲ್ಯಾಟಿನ್‌ನಲ್ಲಿ ‘ಟ್ರಾನ್ಸ್’ ಎಂದರೆ ಆಚೆ, ‘ಸಿಸ್’ ಎಂದರೆ ಈಚೆ. ಪಿಯುಸಿ ರಸಾಯನಶಾಸ್ತ್ರದ ಸಿಸ್-ಟ್ರಾನ್ಸ್ ಐಸೋಮರುಗಳೂ ಇದೇ ಜೋಡಿ. ಹುಟ್ಟಿದಾಗ ಬರೆಸಿದ ಲಿಂಗವೇ ತನ್ನದೆಂದು ಒಪ್ಪಿಕೊಂಡು ಬದುಕುವವರಿಗೆ 1990ರ ದಶಕದಲ್ಲಿ ‘ಸಿಸ್‌ಜೆಂಡರ್’, ಚಿಕ್ಕದಾಗಿ ‘ಸಿಸ್’, ಎಂಬ ಹೆಸರು ಬಂತು. 2015ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು. ಇದನ್ನೆಲ್ಲ ಮಗಳು ಮನೆಯಲ್ಲಿ ಎರಡು ಸಲ ವಿವರಿಸಿದ್ದಳು. ಎರಡು ಸಲವೂ ಜಗಳವೇ ಆಯಿತು. ನಿಘಂಟು ತೋರಿಸಿದರೆ ನೋವು ಮಾಯುವುದಿಲ್ಲ, ‘ನಿನಗೆ ಗೊತ್ತಿಲ್ಲ’ ಎಂಬ ಇನ್ನೊಂದು ಪೆಟ್ಟು ಬೀಳುತ್ತದೆ. 2023ರ ಜೂನ್‌ನಲ್ಲಿ ಟ್ವಿಟರ್ ಮಾಲೀಕ ಎಲಾನ್ ಮಸ್ಕ್ ಈ ಪದ ತಮ್ಮ ಜಾಲತಾಣದಲ್ಲಿ ನಿಂದನೆಯೆಂದೇ ಲೆಕ್ಕ ಎಂದಿದ್ದರು. ಆ ಸುದ್ದಿಯನ್ನು ಸಹೋದ್ಯೋಗಿಯೊಬ್ಬರು ತಂದೆಯ ವಾಟ್ಸಾಪಿಗೆ ಕಳಿಸಿದ್ದರು. ಅಲ್ಲಿಗೆ ಅನುಮಾನ ಖಾತ್ರಿಯಾಯಿತು.

ಮೊದಲೆರಡು ಭೇಟಿಗಳಲ್ಲಿ ಇಬ್ಬರನ್ನೂ ಬೇರೆಬೇರೆ ಕೂರಿಸಿ, ತಲಾ 50 ನಿಮಿಷ ಒಂದೇ ಕೆಲಸ: ಆ ಪದ ಬಂದ ವಾಕ್ಯಗಳನ್ನು ನೆನಪಿದ್ದಂತೆ ಬರೆಸಿದೆವು. ತಂದೆಯ ಹಾಳೆಯಲ್ಲಿ ನಾಲ್ಕು ವಾಕ್ಯ. ‘ನೀವು ಸಿಸ್ ಅಲ್ವಾ, ನಿಮಗೇನು ಗೊತ್ತು’, ‘ಸಿಸ್ ಗಂಡಸರೆಲ್ಲ ಹಿಂಗೇ’, ಉಳಿದೆರಡೂ ಅದೇ ಜಾತಿಯವು. ಜಗಳದ ಹೊರಗೆ ಆ ಪದ ಅವರ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಅದಕ್ಕೂ ಮುಂಚೆ ಅವರಿಗೆ ಗೊತ್ತಿದ್ದ ಇಂಥ ಪದಗಳಾದರೂ ಯಾವುವು? ಒಂಬತ್ತು, ಚಕ್ಕ, ಖೋಜಾ, ಹೆಣ್ಣಿಗ. ಲಿಂಗಕ್ಕೆ ಸಂಬಂಧಿಸಿದ ಹೆಸರೆಂದರೆ ಬೀದಿಯಲ್ಲಿ ಕೂಗುವ ಬೈಗುಳ ಎಂಬುದೇ ಐವತ್ತು ವರ್ಷಗಳ ಪಾಠವಾಗಿದ್ದಾಗ ಹೊಸ ಪದವೂ ಅದೇ ಡಬ್ಬಿಗೆ ಬೀಳುತ್ತದೆ. ಆದರೆ ‘ಜೋಗತಿ’ ಎಂದರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಟ್ರಾನ್ಸ್ ಹೆಣ್ಣೇ ಆದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದದ್ದನ್ನು ಟಿವಿಯಲ್ಲಿ ನೋಡಿ ಮೆಚ್ಚಿದವರು ಅವರು. ಆ ಪದ ಅವರಿಗೆ ಗೌರವದ ಜೊತೆಯಲ್ಲೇ ಪರಿಚಯವಾಗಿತ್ತು.

ಇನ್ನೊಂದು ಕಿರಿಕಿರಿ: ‘ನನಗ್ಯಾಕೆ ಹೆಸರು? ನಾನು ನಾರ್ಮಲ್.’ ಮೊಬೈಲ್ ಬರುವ ತನಕ ಮನೆಯಲ್ಲಿದ್ದದ್ದು ಬರೀ ಫೋನು. ಆಮೇಲೆ ಅದಕ್ಕೆ ಲ್ಯಾಂಡ್‌ಲೈನ್ ಎನ್ನಬೇಕಾಯಿತು, ಹಾಗೆಂದು ಅದಕ್ಕೆ ಅವಮಾನವಾಗಲಿಲ್ಲ ಎಂದಾಗ ತಂದೆ ನಕ್ಕರು. (ಕೆಲವರು ಇಲ್ಲಿ ನಾಟಿ ಕೋಳಿ, ಫಾರಂ ಕೋಳಿಯ ಉದಾಹರಣೆ ಕೊಡುತ್ತಾರೆ. ಬೇಡ. ಟ್ರಾನ್ಸ್ ಎಂದರೆ ಕೃತಕ ಎಂಬ ಅರ್ಥ ಹೊರಡುತ್ತದೆ.)

ಮಗಳ ಹಾಳೆಯಲ್ಲಿ ತಂದೆ ಊಹಿಸಿಯೇ ಇರದ ಪದವೊಂದಿತ್ತು: ‘ಅದು’. ‘ಅದು ಊಟ ಮಾಡ್ತಾ, ಅದು ಹೇಳಿದ್ದು ಕೇಳಲ್ಲ’ ಎಂದು ಅವರು ಹೆಂಡತಿಗೆ ಹೇಳುತ್ತಿದ್ದರು. ನಮ್ಮಲ್ಲಿ ಮಕ್ಕಳನ್ನು ಕುರಿತು ಮುದ್ದಿನಿಂದ ಆಡುವ ಮಾತೇ ಅದು. ‘ಅವನು’ ಎನ್ನಲು ಮಗಳು ಬಿಡುತ್ತಿರಲಿಲ್ಲ, ‘ಅವಳು’ ಎನ್ನಲು ತಂದೆಗೆ ನಾಲಿಗೆ ಹೊರಳುತ್ತಿರಲಿಲ್ಲ. ಸಿಕ್ಕಿದ ದಾರಿ ಇದು. ಆದರೆ ಸಿಗ್ನಲ್ಲಿನಲ್ಲಿ ‘ಅದು ಬಂತು ನೋಡು’ ಎನ್ನಿಸಿಕೊಂಡ ಕಿವಿಗೆ ಅಪ್ಪನ ‘ಅದು’ ಕೂಡ ಅದೇ ಆಗಿ ಕೇಳಿಸಿತ್ತು.

ಮೂರನೆಯ ಭೇಟಿಯಲ್ಲಿ ಇಬ್ಬರೂ ಹಾಳೆ ಬದಲಿಸಿಕೊಂಡರು. ಕೊಟ್ಟ ಪರೀಕ್ಷೆ ಸರಳ: ಆ ಪದವನ್ನು ಹೊಡೆದುಹಾಕಿ ವಾಕ್ಯವನ್ನು ಮತ್ತೆ ಓದಿ. ‘ನೀವು ಸಿಸ್ ಅಲ್ವಾ’ ಹೋದರೂ ‘ನಿಮಗೇನು ಗೊತ್ತು’ ಉಳಿಯುತ್ತದೆ, ಚುಚ್ಚುವುದು ಅದು. ‘ಹೋಗೋ ಒಂಬತ್ತು’ ಎಂಬುದರಲ್ಲಿ ಪದ ತೆಗೆದರೆ ವಿಷವೂ ಹೋಯಿತು. ಮೊದಲನೆಯದರಲ್ಲಿ ತಿದ್ದಬೇಕಾದದ್ದು ವಾಕ್ಯ, ಎರಡನೆಯದರಲ್ಲಿ ಪದವನ್ನೇ ಬಿಡಬೇಕು. ಎಲ್ಲ ಪದಕ್ಕೂ ಈ ಪರೀಕ್ಷೆ ಸಾಲದು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ ವ್ಯಾಖ್ಯಾನದಲ್ಲೇ ಇರುವ ‘ಹಿಜ್ರಾ’ ಆ ಸಮುದಾಯದವರ ಬಾಯಲ್ಲಿ ಗುರುತು. ಹೊರಗಿನವರು ಕೂಗಿದರೆ ಬೈಗುಳ.

ಸಲಹೆ ಹೀಗಿತ್ತು. ಎರಡು ವಾರ ಇಬ್ಬರೂ ‘ಸಿಸ್’, ‘ನಾರ್ಮಲ್’ ಎರಡನ್ನೂ ಬಿಡಬೇಕು. ಬೇಕಾದಲ್ಲಿ ‘ಟ್ರಾನ್ಸ್ ಅಲ್ಲದವರು’ ಎಂದರೆ ಸಾಕು. ಆಮೇಲೆ ವಾರಕ್ಕೆ ಒಂದೇ ಹೊಸ ಪದ, ಊಟವಾದ ಮೇಲೆ ಹದಿನೈದು ನಿಮಿಷ, ಯಾರ ಮೇಲೂ ಅನ್ವಯಿಸದೆ. ಮಗಳು ನಲವತ್ತು ಪದಗಳ ಪಟ್ಟಿ ತಂದಿದ್ದಳು. ಅದನ್ನು ಬ್ಯಾಗಿಗೇ ಹಾಕಿಸಿದೆವು. ತಂದೆ ತಮ್ಮನ್ನು ಸಿಸ್ ಎಂದು ಕರೆದುಕೊಳ್ಳಲೇಬೇಕು ಎಂಬ ಹಟ ನಮಗಿಲ್ಲ. ಅದು ಬೈಗುಳವಲ್ಲ ಎಂದು ಒಪ್ಪಿದರೆ ಸಾಕು.

ಕರೆಯುವ ವಿಷಯದಲ್ಲಿ ಕನ್ನಡ ಕೈಹಿಡಿಯಿತು. ‘ಬಂದೆಯಾ, ಊಟ ಆಯ್ತಾ’ ಎಂದು ಎದುರಿಗೆ ಆಡುವ ಮಾತಿಗೆ ಲಿಂಗವಿಲ್ಲ. ತೊಡಕು ‘ಬಾರೋ’, ‘ಕಣೋ’ಗಳಲ್ಲಿ, ಮತ್ತೆ ಬೇರೆಯವರ ಮುಂದೆ ‘ಬಂದ, ಹೋದ’ ಎನ್ನುವಲ್ಲಿ. ಬಾಲದ ‘ಓ’ ಬಿಟ್ಟು ‘ಪುಟ್ಟಾ’ ಎನ್ನುವುದು, ಬೇರೆಯವರೊಡನೆ ಹೊಸ ಹೆಸರಿನಿಂದಲೇ ಹೇಳುವುದು ಎಂದಾಯಿತು. ‘ಅವಳು’ ಎನ್ನಲು ತಂದೆ ಸಮಯ ಕೇಳಿದ್ದಾರೆ; ಮಗಳು ಕೊಟ್ಟಿದ್ದಾಳೆ, ಆದರೆ ‘ಅದು’ ಮಾತ್ರ ಬೇಡ ಎಂದಿದ್ದಾಳೆ.

ಮುಂದಿನ ತಿಂಗಳು ದೊಡ್ಡಮ್ಮನ ಮನೆಯ ಗೃಹಪ್ರವೇಶ. ತಂದೆ ಮೊದಲೇ ಫೋನ್ ಮಾಡಿ ಹೆಸರು ಬದಲಾದದ್ದನ್ನಷ್ಟೇ ಹೇಳುತ್ತಾರೆ, ಪದಗಳ ಪಾಠ ಬೇಡ. ಅಭ್ಯಾಸಬಲದಿಂದ ದೊಡ್ಡಮ್ಮ ‘ಬಾರೋ’ ಎಂದರೆ ನೆಂಟರೆದುರು ತಿದ್ದುವುದಿಲ್ಲ. ಬೆನ್ನಿಗೇ ತಂದೆ ‘ಬಾ ಪುಟ್ಟಾ’ ಎಂದು ಕರೆಯುತ್ತಾರೆ.